ಸಹಾಯ ಬೇಕು: ಸ್ಲಡ್ಜ್ ಮೊದಲೇ ಬಿಸಿ ಮಾಡಿ ಗ್ಯಾಸ್ ತೆಗೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ, ಪ್ರಾಜೆಕ್ಟ್ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸ್ಲಡ್ಜ್ ಮೇಲೆ, ಅಂದರೆ ಅಲ್ಲಿ ಉಳಿಯುವ ಕೆಸರಿನ ಮೇಲೆ. ಏರೇಷನ್ ಟ್ಯಾಂಕಿನ (ಕೊಳಚೆ ನೀರಿಗೆ ಗಾಳಿ ಊದುವ ತೊಟ್ಟಿ) ಸ್ಲಡ್ಜ್‌ನಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳೇ ಇರುತ್ತವೆ, ಅವುಗಳ ಗೋಡೆ ಒಡೆಯದೆ ಒಳಗಿನದು ಡೈಜೆಸ್ಟರ್‌ನಲ್ಲಿ (ಗಾಳಿಯಿಲ್ಲದೆ ಕೊಳೆಸಿ ಗ್ಯಾಸ್ ಮಾಡುವ ಮುಚ್ಚಿದ ಟ್ಯಾಂಕ್) ಬೇಗ ಗ್ಯಾಸ್ ಆಗುವುದಿಲ್ಲ, ಅದಕ್ಕೇ ಮೊದಲು ಬಿಸಿ ಮಾಡುವುದು. ನಾರ್ವೆಯ ಹಾಮಾರ್‌ನಲ್ಲಿ 1995ರಿಂದಲೇ ಹಬೆ ಬಿಟ್ಟು, ಸುಮಾರು 160 ಡಿಗ್ರಿಯಲ್ಲಿ ಒತ್ತಡದಲ್ಲಿಟ್ಟು ಮಾಡುತ್ತಾರೆ. ನಮ್ಮ ಲ್ಯಾಬಿನಲ್ಲಿ ಇರುವುದು ವಾಟರ್ ಬಾತ್ ಮತ್ತು 121 ಡಿಗ್ರಿಯ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬಿಸಿ ಮಾಡುವ ಪಾತ್ರೆ) ಅಷ್ಟೇ.

ನನ್ನ ಚಿಂತೆ ಶಾಖದ ಲೆಕ್ಕದ್ದು. ಒಂದು ಘನ ಮೀಟರ್ ಸ್ಲಡ್ಜ್ 25ರಿಂದ 70 ಡಿಗ್ರಿಗೆ ಏರಲು ಸುಮಾರು 190 ಮೆಗಾಜೂಲ್ ಬೇಕು, ಅಂದರೆ 60% ಮೀಥೇನ್ ಇರುವ ಬಯೋಗ್ಯಾಸ್ ಹತ್ತಿರ ಹತ್ತಿರ 9 ಘನ ಮೀಟರ್. ಸ್ಲಡ್ಜ್ ತೆಳುವಾಗಿದ್ದರೆ ಸಿಗುವ ಗ್ಯಾಸ್ ಎಲ್ಲ ನೀರು ಕಾಯಿಸುವುದಕ್ಕೇ ಹೋಗುತ್ತದೆ ಅಲ್ವಾ? ಹಾಗಾಗಿ ಮೊದಲು ಗಟ್ಟಿ ಮಾಡಲೇಬೇಕು, ಬಿಸಿ ಸ್ಲಡ್ಜ್‌ನ ಶಾಖವನ್ನು ಒಳಬರುವ ತಣ್ಣನೆಯದಕ್ಕೆ ವಾಪಸ್ ಕೊಡಲೇಬೇಕು ಅಂತ ನನಗನ್ನಿಸುತ್ತದೆ.

ಪ್ಲಾಂಟ್‌ನಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ, ಎಷ್ಟು ಶೇಕಡಾ ಘನಾಂಶದವರೆಗೆ ಪಂಪ್ ಕಟ್ಟಿಕೊಳ್ಳದೆ ಓಡುತ್ತದೆ? 70 ಡಿಗ್ರಿಯಲ್ಲಿ ಎಷ್ಟು ಗಂಟೆ ಇಟ್ಟರೆ ಉಪಯೋಗ? ಕರಗಿದ ಸಿಒಡಿ (ನೀರಿಗೆ ಬಿಟ್ಟುಕೊಂಡ ಸಾವಯವ ಅಂಶದ ಅಳತೆ) ಜಾಸ್ತಿಯಾದರೂ ಮೀಥೇನ್ ಅಷ್ಟೇ ಪ್ರಮಾಣದಲ್ಲಿ ಏರದೆ ಇದ್ದದ್ದನ್ನು ಯಾರಾದರೂ ನೋಡಿದ್ದೀರಾ? ಇನ್ನೊಂದು, ಎಷ್ಟು ಗ್ಯಾಸ್ ಬರುತ್ತದೆಂದು ನೋಡುವ ಬಾಟಲಿ ಪರೀಕ್ಷೆಗೆ ಹೆಪ್ಪಾಗಿ ಸಗಣಿ ಸ್ಲರಿ ಹಾಕಬಹುದಾ, ಅಥವಾ ಓಡುತ್ತಿರುವ ಡೈಜೆಸ್ಟರ್‌ನದೇ ಬೇಕಾ? ಬೆಂಗಳೂರು ಸುತ್ತಮುತ್ತ ಕೊಡುವವರಿದ್ದರೆ ಕ್ಯಾನ್ ತಂದು ತುಂಬಿಕೊಂಡು ಹೋಗುತ್ತೇನೆ.