ಪೂರ್ತಿ ಇಳಿದ ಬ್ಯಾಟರಿಗೆ ಜಂಪ್ ಸ್ಟಾರ್ಟರ್ ಹಾಕಿದರೂ ಸೆಲ್ಫ್ ತಿರುಗುತ್ತಿಲ್ಲ

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನಾಗಿ ಬದಲಾಗುವ) ಗೇರ್ ಆದ್ದರಿಂದ ತಳ್ಳಿ ಸ್ಟಾರ್ಟ್ ಮಾಡುವ ದಾರಿಯಿಲ್ಲ. ನಾವು ಊರಿಗೆ ಹೋಗಿದ್ದಾಗ ಕಾರು ಒಂದು ತಿಂಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಈಗ ರಿಮೋಟ್‌ಗೆ ಬಾಗಿಲು ತೆರೆಯುವುದಿಲ್ಲ, ಕೀಲಿಯಿಂದ ತೆರೆದು ಒಳಗೆ ಕುಳಿತರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹೊತ್ತುವುದಿಲ್ಲ. ಹೊಸದಾಗಿ ಕೊಂಡ ಲಿಥಿಯಂ ಜಂಪ್ ಸ್ಟಾರ್ಟರನ್ನು (ಬ್ಯಾಟರಿ ಇಳಿದ ಕಾರನ್ನು ಸ್ಟಾರ್ಟ್ ಮಾಡಲು ಕೈಯಲ್ಲಿ ಒಯ್ಯುವ ಉಪಕರಣ) ಪೂರ್ತಿ ಚಾರ್ಜ್ ಮಾಡಿ, ಕೆಂಪು ಕ್ಲಿಪ್ಪನ್ನು ಪ್ಲಸ್ ಟರ್ಮಿನಲ್‌ಗೂ ಕಪ್ಪು ಕ್ಲಿಪ್ಪನ್ನು ಮೈನಸ್ ಟರ್ಮಿನಲ್‌ಗೂ ಹಾಕಿದೆ. ಆದರೆ ವೈರಿನ ನಡುವೆ ಇರುವ ಚಿಕ್ಕ ಪೆಟ್ಟಿಗೆಯಲ್ಲಿ ಹಸಿರು ದೀಪ ಬರುತ್ತಿಲ್ಲ, ಸೆಲ್ಫ್‌ನಿಂದ ಒಂದು ಟಕ್ ಎನ್ನುವ ಸದ್ದೂ ಇಲ್ಲ. ಮಲ್ಟಿಮೀಟರಿನಲ್ಲಿ ಕಾರಿನ ಬ್ಯಾಟರಿ 1.4 ವೋಲ್ಟ್ ತೋರಿಸುತ್ತಿದೆ. ಉಪಕರಣವೇ ಕೆಟ್ಟಿದೆಯೇ? ಪೆಟ್ಟಿಗೆಯ ಮೇಲೆ ‘ಬೂಸ್ಟ್’ ಎಂಬ ಬಟನ್ ಇದೆ, ಅದನ್ನು ಒತ್ತುವುದು ಸುರಕ್ಷಿತವೇ?

ಬಯಲುಸೀಮೆ:

ತುಂಗಾತೀರ ಅವರೇ, ನೀವು ಮೊದಲೇ ವೋಲ್ಟೇಜ್ ಅಳೆದದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಉಪಕರಣ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಆ ಚಿಕ್ಕ ಪೆಟ್ಟಿಗೆ ಕ್ಲಿಪ್ಪುಗಳ ನಡುವೆ ಒಂದಷ್ಟು ವೋಲ್ಟೇಜ್ ಕಂಡ ಮೇಲೆಯೇ, ಅದು ಸರಿಯಾದ ದಿಕ್ಕಿನಲ್ಲಿದೆ ಎಂದು ಖಾತ್ರಿಪಡಿಸಿಕೊಂಡು, ಕರೆಂಟ್ ಹರಿಯಲು ಬಿಡುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ, 12 ವೋಲ್ಟಿಗಿಂತ ಕೆಳಗಿಳಿದರೆ ಬಹುತೇಕ ಬರಿದಾಯಿತೆಂದು ಅರ್ಥ. ನಿಮ್ಮದು 1.4ಕ್ಕೆ ಇಳಿದಿರುವುದರಿಂದ, ಎದುರಿಗೆ ಬ್ಯಾಟರಿ ಇದೆ ಎಂಬುದೇ ಅದಕ್ಕೆ ತಿಳಿಯುತ್ತಿಲ್ಲ.

ಬೂಸ್ಟ್ ಬಟನ್ ಇರುವುದು ಇಂಥ ಸಂದರ್ಭಕ್ಕಾಗಿಯೇ. ಆದರೆ ಅದನ್ನು ಒತ್ತಿದ ಕೂಡಲೇ ಹೆಚ್ಚಿನ ಉಪಕರಣಗಳಲ್ಲಿ ಆ ಪರೀಕ್ಷೆಯೆಲ್ಲ ಬದಿಗೆ ಸರಿಯುತ್ತದೆ. ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ತಡೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಒರೆಸಿ, ಬ್ಯಾಟರಿಯ ಮೈಮೇಲೆ ಅಚ್ಚಾಗಿರುವ ಗುರುತುಗಳನ್ನೇ ನೋಡಿ ಕ್ಲಿಪ್ ಹಾಕಿ. ವೈರಿನ ಬಣ್ಣವನ್ನು ನಂಬಬೇಡಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಆಸಿಡ್ ಸೋರುತ್ತಿದ್ದರೆ ಈ ಪ್ರಯತ್ನವೇ ಬೇಡ. ಎಸಿ, ಹೆಡ್‌ಲೈಟ್ ಎಲ್ಲ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಒತ್ತಿಹಿಡಿದು, ಬೂಸ್ಟ್ ಒತ್ತಿದ ಮೇಲೆ ಕೈಪಿಡಿ ಹೇಳುವ ಅವಧಿಯೊಳಗೆ (ಸಾಮಾನ್ಯವಾಗಿ ಅರ್ಧ ನಿಮಿಷ) ಸೆಲ್ಫ್ ಕೊಡಿ. ಒಂದು ಸಲಕ್ಕೆ ಮೂರು ಸೆಕೆಂಡ್ ಸಾಕು. ಹತ್ತದಿದ್ದರೆ ಕನಿಷ್ಠ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ, ಏಕೆಂದರೆ ಅಷ್ಟು ಕರೆಂಟ್ ಹರಿದಾಗ ಉಪಕರಣದೊಳಗಿನ ಸೆಲ್‌ಗಳೂ ಸೆಲ್ಫ್ ಮೋಟಾರೂ ಬಿಸಿಯಾಗುತ್ತವೆ. ಎಂಜಿನ್ ಹತ್ತಿದೊಡನೆ ಕ್ಲಿಪ್ ತೆಗೆಯಿರಿ. ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರಿನಿಂದ ಬರುವ 14 ವೋಲ್ಟ್ ಆಸುಪಾಸಿನ ಕರೆಂಟ್ ಲಿಥಿಯಂ ಸೆಲ್‌ಗಳತ್ತ ಹಿಂದಕ್ಕೆ ಹರಿಯುವುದು ಒಳ್ಳೆಯದಲ್ಲ.

ಘಟಪ್ರಭಾ:

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿಯನ್ನೂ ಒಂದು ಭಿನ್ನಾಭಿಪ್ರಾಯವನ್ನೂ ಸೇರಿಸುತ್ತೇನೆ. ಕಪ್ಪು ಕ್ಲಿಪ್ಪನ್ನು ಮೈನಸ್ ಟರ್ಮಿನಲ್‌ಗೆ ಹಾಕುವ ಬದಲು, ಬ್ಯಾಟರಿಯಿಂದ ದೂರದಲ್ಲಿ, ಬಣ್ಣವಿಲ್ಲದ ಎಂಜಿನ್ ಬ್ಲಾಕಿನ ಲೋಹಕ್ಕೆ ಅಥವಾ ಬಾಡಿ ಅರ್ಥ್ ಬೋಲ್ಟಿಗೆ ಹಾಕುವುದು ಮೇಲು. ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವ ಸಾಧ್ಯತೆ ಇರುವುದರಿಂದ, ಕೊನೆಯ ಕ್ಲಿಪ್ ಹಾಕುವಾಗ ಹಾರುವ ಕಿಡಿ ಅದರ ಹತ್ತಿರ ಇರಬಾರದು. ತೆಗೆಯುವಾಗಲೂ ಕಪ್ಪು ಕ್ಲಿಪ್ ಮೊದಲು. ಆದರೆ ನಿಮ್ಮ ಕಾರಿನ ಅಥವಾ ಉಪಕರಣದ ಕೈಪಿಡಿ ಬೇರೆ ಜಾಗವನ್ನು ಹೇಳಿದ್ದರೆ ಅದನ್ನೇ ಅನುಸರಿಸಿ.

ಇನ್ನು ಬೂಸ್ಟ್ ವಿಚಾರ. ತುರ್ತು ಇಲ್ಲದಿದ್ದರೆ ನಾನಾದರೆ ಅದನ್ನು ಒತ್ತುವುದಿಲ್ಲ. 10 ನಂಬರ್ ಸ್ಪ್ಯಾನರ್‌ನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ ಬ್ಯಾಟರಿಯನ್ನು ಹೊರತೆಗೆದು, ಬ್ಯಾಟರಿ ಅಂಗಡಿಯಲ್ಲಿ ಚಾರ್ಜಿಗೆ ಇಡುತ್ತೇನೆ. ಮನೆಯ ಸ್ಮಾರ್ಟ್ ಚಾರ್ಜರ್‌ಗಳಲ್ಲಿ ಹಲವು 1.4 ವೋಲ್ಟಿನ ಬ್ಯಾಟರಿಯನ್ನು ಗುರುತಿಸುವುದೇ ಇಲ್ಲ, ಅಂಗಡಿಯ ಹಳೆಯ ಮಾದರಿಯ ಚಾರ್ಜರ್‌ಗೆ ಆ ತೊಂದರೆಯಿಲ್ಲ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಆಸ್ಪತ್ರೆಗೆ ಹೋಗಲೇಬೇಕಿದ್ದುದರಿಂದ, ಗುರುತುಗಳನ್ನು ನೋಡಿ, ಕಪ್ಪು ಕ್ಲಿಪ್ಪನ್ನು ಎಂಜಿನ್ ಬ್ಲಾಕಿಗೆ ಹಾಕಿ ಬೂಸ್ಟ್ ಒತ್ತಿದೆ. ಕಾರು ಸ್ಟಾರ್ಟ್ ಆಯಿತು. ಬ್ಯಾಟರಿ ಚಾರ್ಜ್ ಆಗಲು ಎಷ್ಟು ಹೊತ್ತು ಐಡ್ಲಿಂಗ್‌ನಲ್ಲಿ ಬಿಡಬೇಕು? ಇಷ್ಟೊಂದು ಇಳಿದದ್ದಾದರೂ ಹೇಗೆ?

ಬಯಲುಸೀಮೆ:

ಬೇಸ್‌ಮೆಂಟಿನಲ್ಲಂತೂ ಐಡ್ಲಿಂಗ್‌ನಲ್ಲಿ ಬಿಡಲೇಬೇಡಿ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ಜಂಪ್ ಸ್ಟಾರ್ಟರ್ ಎಂಜಿನ್ನನ್ನು ಹತ್ತಿಸುತ್ತದೆಯೇ ಹೊರತು ಬ್ಯಾಟರಿಯನ್ನು ತುಂಬಿಸುವುದಿಲ್ಲ. ಆಲ್ಟರ್ನೇಟರ್ ಕೂಡ ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಿಸಲೆಂದು ಮಾಡಿದ್ದಲ್ಲ, ಹಾಗೆ ದುಡಿಸಿದರೆ ಅದೇ ಬಿಸಿಯಾಗಿ ಸವೆಯುತ್ತದೆ. ಆಸ್ಪತ್ರೆಯ ಬಳಿ ಎಂಜಿನ್ ಆಫ್ ಮಾಡಿದರೆ ಮತ್ತೆ ಹತ್ತದಿರಬಹುದು, ಆದ್ದರಿಂದ ಉಪಕರಣವನ್ನು ಜೊತೆಗೇ ಒಯ್ಯಿರಿ. ಬಂದ ಮೇಲೆ ಘಟಪ್ರಭಾ ಅವರು ಹೇಳಿದಂತೆ ಚಾರ್ಜಿಗೆ ಇಡಿ. 35 ಆಂಪಿಯರ್-ಅವರ್ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 3.5 ಆಂಪಿಯರ್‌ನಂತೆ ಕೊಟ್ಟರೆ ಹತ್ತು ಗಂಟೆಗೂ ಹೆಚ್ಚು ಬೇಕು. ಆಮೇಲೆ ಲೋಡ್ ಟೆಸ್ಟ್ (ಹೊರೆ ಕೊಟ್ಟು ನೋಡುವ ಪರೀಕ್ಷೆ) ಮಾಡಿಸಿ. ಇಷ್ಟು ಆಳಕ್ಕೆ ಇಳಿದು ಹಾಗೆಯೇ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿರುತ್ತದೆ, ವೋಲ್ಟೇಜ್ 12.6 ತೋರಿಸಿದರೂ ಸೆಲ್ಫ್‌ನ ಹೊರೆ ಬಿದ್ದಾಗ ಕುಸಿಯಬಹುದು.

ಆಲ್ಟರ್ನೇಟರ್ ಪರೀಕ್ಷಿಸಲೆಂದು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚುವ ಹಳೆಯ ಪದ್ಧತಿಯನ್ನು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಆಗ ಏಳುವ ವೋಲ್ಟೇಜ್ ಇಂದಿನ ಕಾರುಗಳ ಇಸಿಯುವನ್ನು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು) ಸುಡಬಲ್ಲದು.

ಇಳಿದ ಕಾರಣ ಲೆಕ್ಕದಲ್ಲೇ ಇದೆ. ಬೀಗ ಹಾಕಿ ನಿಂತ ಕಾರಿನಲ್ಲೂ ಅಲಾರಂ, ರಿಮೋಟ್ ರಿಸೀವರ್, ಇಸಿಯು ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 35 ಆಂಪಿಯರ್-ಅವರ್ 29 ದಿನಗಳಲ್ಲಿ ಮುಗಿಯುತ್ತದೆ. ಡ್ಯಾಶ್‌ಕ್ಯಾಮ್ ಇದ್ದರೆ ಇನ್ನೂ ಬೇಗ. ಮುಂದೆ ಊರಿಗೆ ಹೋಗುವಾಗ ಮೈನಸ್ ಟರ್ಮಿನಲ್ ಕಳಚಿಟ್ಟು ಹೋಗಿ.

ಘಟಪ್ರಭಾ:

ಬ್ಯಾಟರಿ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಅದೇ ಅಂಗಡಿಗೆ ಒಪ್ಪಿಸಿ. ಸೀಸಕ್ಕೆ ಬೆಲೆ ಇರುವುದರಿಂದ ಹೊಸದರ ದರದಲ್ಲಿ ಸಾಮಾನ್ಯವಾಗಿ ಕಡಿತ ಸಿಗುತ್ತದೆ. ಜಂಪ್ ಸ್ಟಾರ್ಟರನ್ನು ಬಿಸಿಲಲ್ಲಿ ನಿಲ್ಲುವ ಕಾರಿನೊಳಗೆ ಕಾಯಂ ಇಡಬೇಡಿ, ಎರಡು-ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತಿರಿ. ಪ್ರಯಾಣಕ್ಕೆ ಒಯ್ಯುವಾಗಲೂ ಡಿಕ್ಕಿಯಲ್ಲಿ ಇಡದೆ ಸೀಟಿನ ಕೆಳಗೆ ಇಡಿ, ಏಕೆಂದರೆ ಹಲವು ಕಾರುಗಳ ಡಿಕ್ಕಿ ವಿದ್ಯುತ್ತಿನಿಂದಲೇ ತೆರೆದುಕೊಳ್ಳುವಂಥದ್ದು.