ಸಹಾಯ ಬೇಕು: 10 ವಾರದ ನಾಯಿಮರಿಯೊಂದಿಗೆ ಎರಡು ದಿನಗಳ ಕಾರು ಪ್ರಯಾಣ

ಎಲ್ಲರಿಗೂ ನಮಸ್ಕಾರ. ಮನೆ ಬದಲಾಯಿಸುವ ಸಲುವಾಗಿ ನಾವು ಮುಂದಿನ ವಾರ ಸುಮಾರು 900 ಕಿಲೋಮೀಟರ್ ದೂರ ಕಾರಿನಲ್ಲಿ ಹೋಗಬೇಕಾಗಿದ್ದು, 10 ವಾರದ ನಮ್ಮ ಹೆಣ್ಣು ನಾಯಿಮರಿಯೂ ಜೊತೆಗಿರುತ್ತದೆ. ಅಭ್ಯಾಸವಾಗಲೆಂದು ಭಾನುವಾರ ಒಂದು ಸುತ್ತು ಕರೆದೊಯ್ದಾಗ, ಇಪ್ಪತ್ತೇ ನಿಮಿಷದಲ್ಲಿ ಮೇಲಿಂದ ಮೇಲೆ ಆಕಳಿಸಿ, ತುಟಿ ನೆಕ್ಕಿಕೊಂಡು, ಜೊಲ್ಲು ಸುರಿಸಿ, ಕೊನೆಗೆ ಟವೆಲ್ ಮೇಲೆ ವಾಂತಿ ಮಾಡಿಕೊಂಡಿತು.

ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ಮುಗಿಸಬೇಕೆಂಬುದು ಗೊತ್ತಿದೆ. ಆದರೆ ಇಷ್ಟು ಚಿಕ್ಕ ಮರಿಯನ್ನು ದಿನವಿಡೀ ಹಸಿದಿಟ್ಟರೆ ರಕ್ತದಲ್ಲಿನ ಸಕ್ಕರೆ ಅಂಶ ಕುಸಿಯುವ ಅಪಾಯವಿರುವುದರಿಂದ, ದಾರಿಯಲ್ಲಿ ಎಷ್ಟು ಹೊತ್ತಿಗೊಮ್ಮೆ, ಎಷ್ಟೆಷ್ಟು ತಿನ್ನಿಸಿದಿರಿ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮೂತ್ರದ ವಿಷಯ. ಎರಡು ಗಂಟೆಗೊಮ್ಮೆಯಾದರೂ ಕಾರು ನಿಲ್ಲಿಸಲೇಬೇಕು. ಆದರೆ ಲಸಿಕೆಗಳ ಸರಣಿ ಮುಗಿಯಲು ಮರಿಗೆ 16 ವಾರವಾದರೂ ಆಗಬೇಕಿರುವುದರಿಂದ, ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಅದನ್ನು ನೆಲಕ್ಕಿಳಿಸಲು ಧೈರ್ಯ ಬರುತ್ತಿಲ್ಲ. ಮರಿಗಳಿಗೆ ಮಾರಕವಾಗಬಲ್ಲ ವಾಂತಿ-ಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮನೆಯಲ್ಲಿ ಬಳಸಿದ, ಅದರದೇ ವಾಸನೆಯಿರುವ ಹಳೆಯ ಕಾಗದವನ್ನು ಟ್ರೇಯಲ್ಲಿ ಹಾಸಿ ಡಿಕ್ಕಿಯಲ್ಲಿಡಬೇಕೆಂದಿದ್ದೇನೆ. ಹೊಸ ಜಾಗದಲ್ಲಿ ಮರಿಗಳು ಇದಕ್ಕೆ ಒಗ್ಗುತ್ತವೆಯೇ?

ಮಡಿಲಲ್ಲೇ ಕೂರಿಸಿಕೊಳ್ಳೋಣವೆಂದು ಅಮ್ಮನ ಹಟ. ಹಠಾತ್ ಬ್ರೇಕ್ ಹಾಕಿದರೆ ಗತಿಯೇನೆಂದು ನಾನು ಪಂಜರಕ್ಕೇ ಅಂಟಿಕೊಂಡಿದ್ದೇನೆ. ಈಗ ಅದರ ಬಾಗಿಲು ತೆರೆದಿಟ್ಟು ಒಳಗೇ ಊಟ ಕೊಡುತ್ತಿದ್ದೇವೆ; ಬಾಗಿಲು ಹಾಕಿದ ಕೂಡಲೇ ಅಳು ಶುರು. ಒಂದು ವಾರದೊಳಗೆ ಇದನ್ನು ರೂಢಿಸಿದವರಿದ್ದರೆ ಹೇಗೆಂದು ತಿಳಿಸಿ. ವಾಂತಿಯ ಔಷಧಿಯ ಬಗ್ಗೆ ಪಶುವೈದ್ಯರನ್ನೇ ಕೇಳುತ್ತೇನೆ, ಹಾಗಾಗಿ ಮಾತ್ರೆಗಳ ಹೆಸರು ಬೇಡ.