ಅಣ್ಣ, ಆ ಮೇಲ್ ವಿಷಯ ಸ್ವಲ್ಪ ಪೂರ್ತಿ ಕೇಳಿ

ಅಣ್ಣ, ನಿನ್ನೆ ರಾತ್ರಿ ಗ್ರೂಪಿನಲ್ಲಿ ನೀವು ಹಾಕಿದ ಮಾತನ್ನು ಬೆಳಗ್ಗೆ ನೋಡಿದೆ. "ಒಂದು ಮೇಲ್ ನೆಟ್ಟಗೆ ಕಳಿಸೋಕೆ ಬರಲ್ಲ ಅಂದ್ರೆ ಬಿ.ಕಾಂ ಓದಿ ಏನು ಬಂತು" ಅಂತ ಅಕ್ಕನ ಮಗಳಿಗೆ ಬರೆದಿದ್ದೀರಿ. ಇದನ್ನು ಟೈಪ್ ಮಾಡುತ್ತಾ ಕೂತರೆ ಆಗುವುದಿಲ್ಲ, ಮಾತಾಡಿಯೇ ಹೇಳುತ್ತೇನೆ. ಹಿಂದೆ ವಾಷಿಂಗ್ ಮಷೀನಿನ ಸದ್ದು ಬರುತ್ತಿದೆ, ನಾನು ಜೀನ್ಸ್ ಯೂನಿಟ್‌ನಲ್ಲೇ ಇದ್ದೇನೆ. ಉದ್ದ ಆಗುತ್ತದೆ, ಆದರೂ ಕೇಳಿ. ಅದರ ಕೆಳಗೆ ನಗುವ ಮುಖ ಹಾಕಿದವರೂ ಕೇಳಿ.

ಮೊದಲು ಆದದ್ದು ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವಳು ರಾಯಚೂರಿನಲ್ಲಿ ಹತ್ತಿ ವ್ಯಾಪಾರದ ಆಫೀಸಿನಲ್ಲಿ ಇದ್ದಾಳೆ. ಅಲ್ಲಿ ಹತ್ತಿಯ ದರ ಮಾತಾಡುವುದು ಖಂಡಿ ಲೆಕ್ಕದಲ್ಲಿ. ಒಂದು ಖಂಡಿ ಅಂದರೆ 356 ಕೆಜಿ. ಹಳೆಯ ಪಾರ್ಟಿ ಒಬ್ಬರಿಗೆ ಖಂಡಿಗೆ 500 ರೂಪಾಯಿ ಕಡಿಮೆ ಮಾಡಿ ಅಂತ ಸಾಹೇಬರು ಹೇಳಿದರು. ಅವಳು ಅದನ್ನೇ ಬರೆದಳು. ಮೇಲ್ ಆ ಒಬ್ಬರಿಗೆ ಹೋಗುವ ಬದಲು 14 ಪಾರ್ಟಿಗಳಿಗೆ ಹೋಯಿತು. ಮರುದಿನ ಎಲ್ಲರ ಫೋನೂ ಬಂತು, "ನಮಗೂ ಅದೇ ದರ ಕೊಡಿ" ಅಂತ. ಎಲ್ಲರ ಮುಂದೆ ಅವಳಿಗೆ ಬೈದರು. ಮನೆಗೆ ಬಂದರೆ ನಾವೂ ಬೈದೆವು.

ಯುಗಾದಿಗೆ ರಾಯಚೂರಿಗೆ ಹೋದಾಗ ಅವಳ ಪಕ್ಕ ಕೂತು ಅವಳ ಆಫೀಸಿನ ಮೇಲ್ ಸಾಫ್ಟ್‌ವೇರ್ ನೋಡಿದ್ದೇನೆ ಅಣ್ಣ. ಒಬ್ಬರಿಗೆ ಉತ್ತರ ಕೊಡುವ ಬಟನ್, ಎಲ್ಲರಿಗೂ ಕೊಡುವ ಬಟನ್, ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಮೇಲೆ ಅಕ್ಷರ ಇಲ್ಲ. ಒಂದರಲ್ಲಿ ಒಂದು ಬಾಣ, ಇನ್ನೊಂದರಲ್ಲಿ ಎರಡು ಬಾಣ, ಎರಡೂ ಕಿರುಬೆರಳ ಉಗುರಿನಷ್ಟು. ಒತ್ತಿದ ಮೇಲೆ ಯಾರಿಗೆ ಹೋಗುತ್ತಿದೆ ಅನ್ನುವ ಜಾಗದಲ್ಲಿ ಮೊದಲ ಹೆಸರು ಮಾತ್ರ ಕಾಣುತ್ತದೆ. ಉಳಿದ 13 ಹೆಸರು ಮಡಚಿ ಒಳಗೆ ಹೋಗಿರುತ್ತವೆ. ಅವಳಿಗೆ ಕಂಡದ್ದು ಅವಳು ಬರೆಯಬೇಕಾಗಿದ್ದ ಆ ಒಬ್ಬರ ಹೆಸರೇ! ಮತ್ತೆ ಅವಳು ಏನು ನೋಡಿಕೊಳ್ಳಬೇಕಿತ್ತು, ಹೇಳಿ?

ನಾನು ಬಳ್ಳಾರಿಯಲ್ಲಿ ಟೈಪಿಂಗ್ ಕಲಿತವಳು ಅಂತ ನಿಮಗೆ ಗೊತ್ತು, ಫೀಸು ಕಟ್ಟಿದ್ದು ನೀವೇ. ಬೇರೆಯವರಿಗೂ ಪ್ರತಿ ಕಳಿಸಲು ಮೇಲ್‌ನಲ್ಲಿ ಸಿಸಿ ಅಂತ ಇರುತ್ತದಲ್ಲ, ಅದು ಕಾರ್ಬನ್ ಕಾಪಿ. ಆಗ ನಾಲ್ಕು ಪ್ರತಿ ಬೇಕು ಅಂದರೆ ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್ ಇಟ್ಟು, ಅಂಚು ಸರಿ ಮಾಡಿ, ರೋಲರಿಗೆ ಏರಿಸಬೇಕಿತ್ತು. ಕೈಗೆ ಮಸಿ ಆಗುತ್ತಿತ್ತು. ಒಂದೊಂದು ಹಾಳೆ ಇಡುವಾಗಲೂ ಇದು ಯಾರಿಗೆ ಅಂತ ತಲೆಯಲ್ಲಿ ಬರುತ್ತಿತ್ತು. ಯಾರೂ ಮೈಮರೆತು 14 ಪ್ರತಿ ತೆಗೆಯಲು ಸಾಧ್ಯವೇ ಇರಲಿಲ್ಲ. ಈಗ ಆ ಕೆಲಸ ಹೋಗಿದೆ, ಒಳ್ಳೆಯದೇ. ಆದರೆ ಆ ಕೆಲಸದ ಜೊತೆಗಿದ್ದ ಎಚ್ಚರವೂ ಹೋಗಿದೆ. ಅದನ್ನು ವಾಪಸ್ ಇಡಬೇಕಾದವರು ಸಾಫ್ಟ್‌ವೇರ್ ಮಾಡಿದವರು. "14 ಜನಕ್ಕೆ ಹೋಗುತ್ತಿದೆ, ಕಳಿಸಲೇ?" ಅಂತ ಒಂದು ಸಾಲು ಕೇಳಿದ್ದರೆ ಸಾಕಿತ್ತು.

"ಕಳಿಸಿದ್ದನ್ನು ವಾಪಸ್ ತೆಗೆಯಬೇಕಿತ್ತು" ಅಂತ ಮಾವ ಬರೆದಿದ್ದಾರೆ. ಮಾವ, ಹೊರಗಿನವರ ಸರ್ವರಿಗೆ, ಅಂದರೆ ಅವರ ಮೇಲ್ ಇಡುವ ಕಂಪ್ಯೂಟರಿಗೆ, ತಲುಪಿದ ಮೇಲ್ ನಮ್ಮ ಕೈಯಲ್ಲಿ ಇರುವುದಿಲ್ಲ. ಜಿಮೇಲ್‌ನಲ್ಲಿ ಅನ್‌ಡೂ ಅಂತ ಬರುತ್ತದಲ್ಲ, ಅದು ಹೋದ ಮೇಲನ್ನು ಎಳೆದು ತರುವುದಲ್ಲ. ಒತ್ತಿದ ಮೇಲೂ ಕೆಲವು ಸೆಕೆಂಡು ಮೇಲನ್ನು ತಡೆದು ಇಟ್ಟುಕೊಂಡಿರುತ್ತದೆ, ಅಷ್ಟೇ. 5, 10, 20, 30 ಸೆಕೆಂಡು, ನಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಇಷ್ಟು ಸುಲಭದ ವ್ಯವಸ್ಥೆ ಅವಳ ಆಫೀಸಿನ ಸಾಫ್ಟ್‌ವೇರಿನಲ್ಲಿ ಇಲ್ಲ. ಮೇಲ್ ಏನು ಮೊನ್ನೆ ಬಂದದ್ದಾ? ರೇ ಟಾಮ್ಲಿನ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ ಮೊದಲ ಸಲ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದ್ದು 1971ರಲ್ಲಿ. ಐವತ್ತು ವರ್ಷ ದಾಟಿತು.

ನಮ್ಮ ಆಫೀಸಿನ ಮೇಲ್ ಸಾಫ್ಟ್‌ವೇರಿನದೂ ಇದೇ ಕಥೆ. ಹತ್ತು ನಿಮಿಷ ಕೈ ಆಡಿಸದಿದ್ದರೆ ಅದು ನಮ್ಮನ್ನು ಹೊರಗೆ ಹಾಕುತ್ತದೆ, ಬರೆದದ್ದನ್ನು ಉಳಿಸುವುದಿಲ್ಲ. ಹೋದ ತಿಂಗಳು ಒಂದು ಜೀನ್ಸ್ ಆರ್ಡರಿಗೆ ಸೈಜು ಪ್ರಕಾರ, ಶೇಡ್ ಪ್ರಕಾರ ಲೆಕ್ಕ ಬರೆಯುತ್ತಿದ್ದೆ. 28ರಿಂದ 40ರವರೆಗೆ ಒಂದೊಂದು ಸೊಂಟದ ಅಳತೆಗೆ ಎಷ್ಟು ಪೀಸ್ ಅಂತ. ನಡುವೆ ಕಟಿಂಗ್ ಮಾಸ್ಟರ್ ಕರೆದರು, ಹೋಗಿ ಬಂದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಖಾಲಿ ಪುಟ! ಮುಕ್ಕಾಲು ಗಂಟೆಯ ಕೆಲಸ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಬರೆದು ತಂದು ಅಂಟಿಸುತ್ತೇನೆ. ಅಂಟಿಸಿದರೆ ಸಾಲುಗಳೆಲ್ಲ ಒಂದಾಗುತ್ತವೆ, ಮತ್ತೆ ಬಿಡಿಸಬೇಕು.

ಫೋಟೋದ ಕಥೆ ಇನ್ನೊಂದು. ವಾಷ್ ಆದ ಬಟ್ಟೆಯ ಬಣ್ಣ ತೋರಿಸಲು ಪಾರ್ಟಿಗೆ ಫೋಟೋ ಕಳಿಸಬೇಕು. ಮಿತಿ 5 ಎಂಬಿ ಅಂತ ಬರೆದಿದೆ. ನನ್ನ ಫೈಲ್ 4 ಎಂಬಿ. ಆದರೂ ಹೋಗಲಿಲ್ಲ. ಏಕೆ ಅಂತ ಹೇಳಲೂ ಇಲ್ಲ, "ದೋಷ" ಅಂತ ಒಂದು ಪದ ಬಂತು. ನಮ್ಮ ಕಂಪ್ಯೂಟರ್ ನೋಡುವ ಹುಡುಗ ವಿವರಿಸಿದ. ಮೇಲ್ ಮೊದಲು ಬರೀ ಇಂಗ್ಲಿಷ್ ಅಕ್ಷರಗಳಿಗೆ ಮಾಡಿದ್ದಂತೆ. ಹಾಗಾಗಿ ಫೋಟೋವನ್ನೂ ಅಕ್ಷರಗಳಾಗಿ ಬದಲಿಸಿ ಕಳಿಸುತ್ತದೆ. ಮೂರು ಭಾಗ ಇದ್ದದ್ದು ನಾಲ್ಕು ಭಾಗ ಆಗುತ್ತದೆ. ನನ್ನ 4 ಎಂಬಿ ಐದನ್ನು ದಾಟಿತ್ತು. ಅವನು ಹೇಳಿದ್ದು ಸರಿ. ಆದರೆ ಆ ಲೆಕ್ಕ ಸಾಫ್ಟ್‌ವೇರಿಗೆ ಗೊತ್ತಲ್ವಾ? ಅದು ಮೊದಲೇ ಹೇಳಬಹುದಿತ್ತಲ್ವಾ?

ಹಳೆಯ ಮೇಲ್ ಹುಡುಕುವ ಕಥೆಯಂತೂ ಬೇಡ. 2014ರ ನವೆಂಬರ್ 1ಕ್ಕೆ ನಮ್ಮ ಊರಿನ ಇಂಗ್ಲಿಷ್ ಹೆಸರು ಬೆಲ್ಲಾರಿಯಿಂದ ಬಳ್ಳಾರಿ ಆಯಿತು, ಹಾಸ್ಪೆಟ್ ಹೊಸಪೇಟೆ ಆಯಿತು. ಹೊಸ ಹೆಸರು ಹಾಕಿದರೆ ಹಳೆಯ ಹೆಸರಿನಲ್ಲಿ ಬಂದ ಒಂದು ಮೇಲೂ ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಕನ್ನಡದ ವಿಷಯಕ್ಕೆ. ಯೂನಿಟ್‌ನ ರಜೆಯ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಎಲ್ಲ ಸೆಕ್ಷನ್ನಿಗೂ ಕಳಿಸಿದೆ. ಹೊಲಿಗೆಯ ಸೆಕ್ಷನ್ನಿನಲ್ಲಿ ಇಂಗ್ಲಿಷ್ ಓದಲು ಬರದವರೇ ಹೆಚ್ಚು. ಅವರಿಗೆ ತಲುಪಿದ್ದು ಏನು ಗೊತ್ತಾ? ಬರೀ ಪ್ರಶ್ನೆ ಚಿಹ್ನೆಗಳು. ಸಾಲು ಸಾಲು. ಸೂಪರ್‌ವೈಸರಮ್ಮ ಪ್ರಿಂಟ್ ತೆಗೆದುಕೊಂಡು ಬಂದು "ಮೇಡಂ, ಇದರಲ್ಲಿ ರಜೆ ಎಲ್ಲಿದೆ" ಅಂತ ಕೇಳಿದರು. ಕನ್ನಡ ಅಕ್ಷರ ತಿಳಿಯದ ಸಾಫ್ಟ್‌ವೇರ್ ಅದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟುಬಿಡುತ್ತದೆ. ಆಮೇಲೆ ಅದರಿಂದ ಅಕ್ಷರ ವಾಪಸ್ ತೆಗೆಯಲು ಬರುವುದಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಅವ್ವನ ಫೋನಿನಲ್ಲೂ ಕನ್ನಡ ಚೆನ್ನಾಗಿ ಬರುತ್ತದೆ. ದುಡ್ಡು ಕೊಟ್ಟು ತಂದ ಆಫೀಸಿನ ಸಾಫ್ಟ್‌ವೇರಿಗೆ ಬರುವುದಿಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಕೊನೆಗೆ ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿದೆ.

ಇದನ್ನು ಕೊಳ್ಳುವವರು ಅದರ ಮುಂದೆ ದಿನಾ ಕೂತು ಮೇಲ್ ಬರೆಯುವವರಲ್ಲ ಅಣ್ಣ. ಅವರು ಬೆಲೆ ನೋಡುತ್ತಾರೆ. ಬರೆಯುವವರು ನಾವು. ಕೆಟ್ಟರೆ ಬೈಸಿಕೊಳ್ಳುವವರೂ ನಾವೇ.

ನಿನ್ನೆ ರಾತ್ರಿ ಅವಳ ಜೊತೆ ಮಾತಾಡಿದ್ದೇನೆ. ಆ ಎರಡು ಬಟನ್, ಆ ಮಡಚಿದ ಹೆಸರುಗಳು, ಎಲ್ಲದರ ಫೋಟೋ ತೆಗೆದಿಟ್ಟುಕೋ ಅಂದಿದ್ದೇನೆ. ಸಾಹೇಬರಿಗೆ ಕೊಡಲು ಒಂದು ಪತ್ರ ನಾವಿಬ್ಬರೂ ಸೇರಿ ಬರೆಯುತ್ತೇವೆ. ಕಳಿಸುವ ಮುಂಚೆ ಹೆಸರು ತೋರಿಸಿ ಕೇಳುವ ಹಾಗೆ ಮಾಡಿಸಿ, ಅರ್ಧ ನಿಮಿಷ ತಡೆದು ಕಳಿಸುವ ಹಾಗೆ ಮಾಡಿಸಿ, ಇವೆರಡನ್ನೇ ಕೇಳುತ್ತೇವೆ. ಅಲ್ಲಿಯವರೆಗೆ ದರದ ಮೇಲ್ ಇದ್ದರೆ ರಿಪ್ಲೈ ಒತ್ತಲೇಬೇಡ, ಹೊಸ ಮೇಲ್ ತೆಗೆದು ಒಂದೇ ವಿಳಾಸ ಹಾಕು ಅಂತ ಹೇಳಿದ್ದೇನೆ.

ಅಣ್ಣ, ಅವಳು ನಿನ್ನೆಯಿಂದ ಗ್ರೂಪಿನಲ್ಲಿ ಒಂದು ಮಾತೂ ಹಾಕಿಲ್ಲ, ನೋಡಿದಿರಾ? ಆರೂವರೆಗೆ ಆಫೀಸು ಬಿಡುತ್ತಾಳೆ. ಇವತ್ತು ನೀವೇ ಒಂದು ಫೋನ್ ಮಾಡಿ.